ಕಾರುಗಳಲ್ಲಿ ಆಂಟಿ-ಲಾಕ್ ಬ್ರೇಕ್ (ಎ.ಬಿ.ಎಸ್.) ದೋಷ ಪತ್ತೆ: ವಾಹನ ಮಾಲೀಕರಿಗೆ ಮಾಹಿತಿ

ಹಠಾತ್ತನೆ ಬ್ರೇಕ್ ಹಾಕಿದಾಗ ಚಕ್ರಗಳು ಬಿಗಿದು ಜಾರದಂತೆ ತಡೆದು, ಸ್ಟೀರಿಂಗ್ ಹಿಡಿತವನ್ನು ಉಳಿಸುವುದು ಎ.ಬಿ.ಎಸ್. ವ್ಯವಸ್ಥೆಯ ಕಾರ್ಯವಾಗಿರುತ್ತದೆ. ಆ ಸಂದರ್ಭದಲ್ಲಿ ಪೆಡಲ್ ಕಂಪಿಸುವುದು ದೋಷವಲ್ಲ.

ದೀಪದ ಸೂಚನೆಗಳು

1. ಇಗ್ನಿಷನ್ ಹಾಕಿದೊಡನೆ ಎ.ಬಿ.ಎಸ್. ದೀಪವು ಬೆಳಗಿ, ಕೆಲವು ಕ್ಷಣಗಳಲ್ಲಿ ಆರಬೇಕು.
2. ದೀಪವು ಆರದಿದ್ದಲ್ಲಿ ಅಥವಾ ಚಾಲನೆಯ ವೇಳೆ ಬೆಳಗಿದಲ್ಲಿ, ವ್ಯವಸ್ಥೆಯಲ್ಲಿ ದೋಷವಿದೆ ಎಂದರ್ಥ. ಸಾಧಾರಣವಾಗಿ ಮೂಲ ಬ್ರೇಕ್ ಕೆಲಸ ಮಾಡುತ್ತಿದ್ದರೂ, ಒದ್ದೆ ರಸ್ತೆಯಲ್ಲಿ ಚಕ್ರಗಳು ಜಾರುವ ಅಪಾಯವಿರುತ್ತದೆ.
3. ಹ್ಯಾಂಡ್‌ಬ್ರೇಕ್ ಬಿಡಿಸಿದ ಮೇಲೂ ಕೆಂಪು ಬ್ರೇಕ್ ದೀಪವು ಜೊತೆಯಲ್ಲಿ ಬೆಳಗುತ್ತಿದ್ದಲ್ಲಿ, ವಾಹನವನ್ನು ಸುರಕ್ಷಿತವಾಗಿ ನಿಲ್ಲಿಸಿ ಬ್ರೇಕ್ ಆಯಿಲ್ ಮಟ್ಟವನ್ನು ನೋಡತಕ್ಕದ್ದು. ಮುಂದಕ್ಕೆ ಚಲಾಯಿಸಬಾರದು.
4. ದೀಪವು ಬೆಳಗದೇ ಇದ್ದಲ್ಲಿ ಬಲ್ಬ್ ಕೆಟ್ಟಿರಬಹುದು ಅಥವಾ ದೋಷ ಮರೆಮಾಚಲು ಅದನ್ನು ತೆಗೆದಿರಬಹುದು. ಹಳೆಯ ಕಾರು ಖರೀದಿಸುವವರು ಇದನ್ನು ತಪ್ಪದೆ ಗಮನಿಸುವುದು.

ಪರೀಕ್ಷೆಯ ಕ್ರಮ

ಸ್ಕ್ಯಾನರ್ ತೋರಿಸುವ ದೋಷ ಸಂಕೇತವು ದೋಷವಿರುವ ಸರ್ಕ್ಯೂಟನ್ನು ಸೂಚಿಸುತ್ತದೆಯೇ ಹೊರತು ಕೆಟ್ಟ ಬಿಡಿಭಾಗವನ್ನಲ್ಲ. ಆದುದರಿಂದ ಚಕ್ರದ ಸೆನ್ಸರ್ ಬದಲಿಸುವ ಮುನ್ನ ಈ ಕೆಳಗಿನವುಗಳನ್ನು ಪರೀಕ್ಷಿಸತಕ್ಕದ್ದು:

(ಅ) ಫ್ಯೂಸ್ ಮತ್ತು ಬ್ಯಾಟರಿ ವೋಲ್ಟೇಜ್
(ಆ) ಸೆನ್ಸರ್‌ನ ವೈರು ಹಾಗೂ ಕನೆಕ್ಟರ್
(ಇ) ಸೆನ್ಸರ್ ತುದಿಗೆ ಅಂಟಿದ ಕೆಸರು, ಕಬ್ಬಿಣದ ಪುಡಿ
(ಈ) ಸೆನ್ಸರ್ ಎದುರಿನ ಉಂಗುರದ ಬಿರುಕು ಅಥವಾ ತುಕ್ಕು
(ಉ) ಚಕ್ರದ ಬೇರಿಂಗ್ ಸಡಿಲತೆ

ಒಣ ರಸ್ತೆಯಲ್ಲಿ ಮೆಲ್ಲನೆ ನಿಲ್ಲಿಸುವಾಗಲೂ ಎ.ಬಿ.ಎಸ್. ಚಾಲನೆಗೊಂಡರೆ (ಇ), (ಈ) ಮತ್ತು (ಉ) ಅಂಶಗಳನ್ನು ಮೊದಲು ನೋಡುವುದು.

ಸೂಚನೆ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 41ರ ಮೇರೆಗೆ ಖಾಸಗಿ ಕಾರಿನ ನೋಂದಣಿಯು 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ನವೀಕರಣಕ್ಕಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸುವವರು, ವಾಹನವನ್ನು ತಪಾಸಣೆಗೆ ಹಾಜರುಪಡಿಸುವ ಮುನ್ನ ಬ್ರೇಕ್ ದೋಷಗಳನ್ನು ಸರಿಪಡಿಸಿಕೊಳ್ಳತಕ್ಕದ್ದು.