ಕಾಲು ಕೊಟ್ಟ ಕರುಣೆ: ಜೈಪುರದ ಒಂದು ವೈಯಾವೃತ್ತ್ಯ

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ವಿವರಿಸುವಾಗ ನಮ್ಮ ಹಿರಿಯರು ಮೂರನೆಯದಾದ ನಿರ್ವಿಚಿಕಿತ್ಸೆಗೆ ಉದ್ದಾಯನ ಮಹಾರಾಜನ ದೃಷ್ಟಾಂತವನ್ನು ಹೇಳುತ್ತಾರೆ. ರೋಗದಿಂದ ಜರ್ಜರಿತರಾದ ಮುನಿಯೊಬ್ಬರು ಆಹಾರ ಸ್ವೀಕರಿಸಿ ಅದನ್ನೆಲ್ಲ ವಾಂತಿ ಮಾಡಿಕೊಂಡಾಗ ಅರಸನು ಹೇಸಲಿಲ್ಲ. ತಾನಿತ್ತ ಆಹಾರದಲ್ಲಿಯೇ ದೋಷವಿದ್ದಿರಬೇಕೆಂದು ಮರುಗಿ, ತನ್ನ ಕೈಯಾರೆ ಅವರ ಮೈಯನ್ನು ತೊಳೆದನು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವೈಯಾವೃತ್ತ್ಯವನ್ನು ಶ್ರಾವಕನ ನಾಲ್ಕು ಶಿಕ್ಷಾವ್ರತಗಳಲ್ಲಿ ಒಂದೆಂದು ಗಣಿಸಿದ್ದಾರೆ. ಸಂಯಮಿಗಳಿಗೆ ಒದಗಿದ ಆಪತ್ತನ್ನು ನೀಗುವುದು, ದಣಿದ ಅವರ ಪಾದಗಳನ್ನು ಒತ್ತುವುದು ಇವೆಲ್ಲ ಅದರಲ್ಲಿ ಸೇರಿವೆ.

ಇಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ವೈಯಾವೃತ್ತ್ಯಕ್ಕೆ ಪಾತ್ರರಾದವರು ಮುಖ್ಯವಾಗಿ ತ್ಯಾಗಿಗಳು. ಹಾಗಾದರೆ ರೈಲಿನ ಗಾಲಿಗೆ ಸಿಕ್ಕಿ ಕಾಲು ಕಳೆದುಕೊಂಡ ಕೂಲಿಕಾರನ ವಿಷಯದಲ್ಲಿ ಶ್ರಾವಕನ ಕರ್ತವ್ಯವೇನು? ಜಿನಸೇನಾಚಾರ್ಯರು ಆದಿಪುರಾಣದಲ್ಲಿ ದತ್ತಿಯ ನಾಲ್ಕು ಬಗೆಗಳನ್ನು ಹೇಳುತ್ತ ಪಾತ್ರದತ್ತಿಯೊಡನೆ ದಯಾದತ್ತಿಯನ್ನೂ ಹೇಳಿದ್ದಾರೆ. ದಯಾದತ್ತಿಗೆ ಪಾತ್ರಾಪಾತ್ರ ವಿಚಾರವಿಲ್ಲ; ಅನುಗ್ರಹವನ್ನು ಬಯಸುವ ಜೀವಿಗಳೆಲ್ಲವೂ ಅದಕ್ಕೆ ಅಧಿಕಾರಿಗಳು. ಈ ತತ್ತ್ವವು ನಮ್ಮ ಕಾಲದಲ್ಲಿ ಆಚರಣೆಗೆ ಬಂದ ಬಗೆಯನ್ನು ತಿಳಿಯಲು ಜೈಪುರದ ಕೃತಕ ಕಾಲಿನ ಇತಿಹಾಸವನ್ನು ನೋಡಬೇಕು.

ಜೈಪುರದ ಸವಾಯಿ ಮಾನಸಿಂಗ್ ಆಸ್ಪತ್ರೆಯಲ್ಲಿ ಮೂಳೆ ತಜ್ಞರಾಗಿದ್ದ ಡಾ. ಪ್ರಮೋದ್ ಕರಣ್ ಸೇಠಿಯವರು, ಗಾಯಗೊಂಡು ಕಾಲು ಕತ್ತರಿಸಿಕೊಂಡವರಲ್ಲಿ ಅನೇಕರು ಪಾಶ್ಚಾತ್ಯ ಮಾದರಿಯ ಕೃತಕ ಕಾಲನ್ನು ತೊಡಲಾರದೆ ಊರುಗೋಲಿಗೇ ಮರಳುವುದನ್ನು ಕಂಡರು. ಆ ಕಾಲಿಗೆ ಬೂಟು ಅನಿವಾರ್ಯವಾಗಿತ್ತು. ಅದನ್ನು ಧರಿಸಿದವನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವಂತಿಲ್ಲ, ಕುಕ್ಕರಗಾಲಿನಲ್ಲಿ ಕೂರುವಂತಿಲ್ಲ, ಕೆಸರುಗದ್ದೆಗೆ ಇಳಿಯುವಂತಿಲ್ಲ. ಪಾದರಕ್ಷೆಯನ್ನು ಬಾಗಿಲಲ್ಲಿ ಬಿಟ್ಟು ಮನೆಯನ್ನೂ ಗುಡಿಯನ್ನೂ ಹೊಗುವ ನಾಡಿನಲ್ಲಿ ಅಂಥ ಕಾಲು ಮನುಷ್ಯನನ್ನು ಅವನ ಬದುಕಿನಿಂದಲೇ ಹೊರಗಿರಿಸುತ್ತಿತ್ತು.

ಈ ಸಮಸ್ಯೆಗೆ ಪರಿಹಾರ ದೊರೆತದ್ದು ಕುಶಲಕರ್ಮಿಯ ಕೈಯಲ್ಲಿ. ಶಾಲಾ ಶಿಕ್ಷಣ ಅತ್ಯಲ್ಪವಾಗಿದ್ದರೂ ಕೈಗಾರಿಕೆಯಲ್ಲಿ ನಿಪುಣರಾಗಿದ್ದ, ಎಲ್ಲರೂ ಮಾಸ್ಟರ್‌ಜಿ ಎಂದು ಕರೆಯುತ್ತಿದ್ದ ರಾಮಚಂದ್ರ ಶರ್ಮರು ಸೇಠಿಯವರೊಡಗೂಡಿ ರಬ್ಬರು, ಮರ ಮತ್ತು ನೈಲಾನ್ ಹುರಿಗಳನ್ನು ಬಳಸಿ, ಟೈರುಗಳಿಗೆ ಹೊಸ ರಬ್ಬರು ಕೂಡಿಸುವ ರೀತಿಯಲ್ಲಿಯೇ ಅಚ್ಚಿನಲ್ಲಿ ಬೇಯಿಸಿ ಒಂದು ಪಾದವನ್ನು ರೂಪಿಸಿದರು. ಅದು ನೋಡಲು ನಿಜವಾದ ಪಾದದಂತಿತ್ತು. ನೀರಿನಲ್ಲಿ ಕೆಡುತ್ತಿರಲಿಲ್ಲ, ಎಲ್ಲ ದಿಕ್ಕಿಗೂ ಬಾಗುತ್ತಿತ್ತು, ಬೂಟನ್ನು ಬೇಡುತ್ತಿರಲಿಲ್ಲ. ಇದು 1968ರ ಸುಮಾರಿನ ಮಾತು. ಈ ಕಾರ್ಯಕ್ಕಾಗಿ ಸೇಠಿಯವರಿಗೆ 1981ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ದೊರೆಯಿತು.

ಆದರೆ ಇತಿಹಾಸದ ವಿಚಿತ್ರವೆಂದರೆ, ಇಂಥ ಉಪಯುಕ್ತ ಪಾದವು ಸಿದ್ಧವಾದ ಬಳಿಕವೂ ಏಳು ವರ್ಷಗಳ ಕಾಲ ಅದು ಕೆಲವೇ ಜನರಿಗೆ ಮಾತ್ರ ದೊರೆಯಿತು. ದೂರದ ಹಳ್ಳಿಯ ಬಡವನಿಗೆ ನಗರದಲ್ಲಿ ತಂಗಲು ತಾಣವಿಲ್ಲ. ಕಾಲಿಲ್ಲದವನೊಡನೆ ಒಬ್ಬ ಬಂಧು ಬರಲೇಬೇಕು, ಅವನ ದಿನಗೂಲಿಯೂ ನಷ್ಟ. ಅಳತೆಗೊಮ್ಮೆ, ಜೋಡಣೆಗೊಮ್ಮೆ ಬಂದುಹೋಗುವ ವೆಚ್ಚವನ್ನು ಹೊರುವವರು ಯಾರು? ಔಷಧವು ಸಿದ್ಧವಿದ್ದರೂ ರೋಗಿಯು ಅದರ ಬಳಿಗೆ ಬರಲಾರದವನಾಗಿದ್ದನು.

ಈ ಅಂತರವನ್ನು ತುಂಬಲು ಮುಂದಾದವರು ಸ್ವತಃ ಆ ನೋವನ್ನು ಉಂಡವರು. ರಾಜಸ್ಥಾನದಲ್ಲಿ ಆಡಳಿತಾಧಿಕಾರಿಯಾಗಿದ್ದ ಶ್ರೀ ದೇವೇಂದ್ರ ರಾಜ್ ಮೆಹ್ತಾ ಅವರು 1969ರಲ್ಲಿ ವಾಹನ ಅಪಘಾತಕ್ಕೆ ಸಿಲುಕಿದರು. ಕಾಲನ್ನು ಕತ್ತರಿಸಬೇಕಾದೀತೆಂಬ ಭೀತಿಯಿತ್ತು. ತಿಂಗಳುಗಟ್ಟಲೆ ಹಾಸಿಗೆಯಲ್ಲಿದ್ದ ಬಳಿಕ ಕಾಲು ಉಳಿಯಿತು. ಅಧಿಕಾರಿಯಾದ ತನಗೆ ದೊರೆತ ಆರೈಕೆ ಬಡವನಿಗೆ ದೊರೆಯಲಾರದೆಂಬ ಅರಿವು ಅವರಲ್ಲಿ ನಾಟಿತು. ಭಗವಾನ್ ಮಹಾವೀರರ 2500ನೆಯ ನಿರ್ವಾಣ ಮಹೋತ್ಸವ ನಡೆಯುತ್ತಿದ್ದ 1975ರಲ್ಲಿ ಅವರು ಜೈಪುರದಲ್ಲಿ ಭಗವಾನ್ ಮಹಾವೀರ ವಿಕಲಾಂಗ ಸಹಾಯತಾ ಸಮಿತಿಯನ್ನು ಸ್ಥಾಪಿಸಿದರು. ಜೀವಿಗಳ ಧರ್ಮವೇ ಪರಸ್ಪರ ಉಪಕಾರವೆಂಬ ತತ್ತ್ವಾರ್ಥಸೂತ್ರದ ಆಶಯವನ್ನು ಎಲ್ಲ ಸಂಪ್ರದಾಯಗಳೂ ಒಪ್ಪಿದ ಜೈನ ಪ್ರತೀಕದಲ್ಲಿ ಬರೆದದ್ದೂ ಅದೇ ಮಹೋತ್ಸವದ ಸಂದರ್ಭದಲ್ಲಿ ಎಂಬುದನ್ನು ನೆನೆಯಬೇಕು.

ಸಮಿತಿಯು ಹೊಸ ಪಾದವನ್ನೇನೂ ಕಂಡುಹಿಡಿಯಲಿಲ್ಲ. ರೋಗಿಯನ್ನು ಬರಮಾಡಿಕೊಳ್ಳುವ ರೀತಿಯನ್ನು ಬದಲಿಸಿತು. ಯಾವ ಹೊತ್ತಿನಲ್ಲಿ ಬಂದರೂ ಅವನನ್ನು ಸೇರಿಸಿಕೊಳ್ಳಬೇಕು, ಅವನಿಗೂ ಜೊತೆಗೆ ಬಂದವರಿಗೂ ಊಟ, ವಸತಿ ಕೊಡಬೇಕು, ಕಾಲು ಜೋಡಿಸದೆ ಹಿಂದಿರುಗಿಸಬಾರದು, ಜಾತಿ ಮತಗಳನ್ನು ಕೇಳಬಾರದು, ಹಣ ಪಡೆಯಬಾರದು. ಈ ನಿಯಮಗಳಿಂದ ಹಿಂದೆ ಬೆರಳೆಣಿಕೆಯಲ್ಲಿದ್ದ ಕಾರ್ಯವು ಸಾವಿರಗಳಿಗೆ, ಲಕ್ಷಗಳಿಗೆ ಬೆಳೆಯಿತು. ಕೃತಕ ಕಾಲು, ಕ್ಯಾಲಿಪರ್, ಗಾಲಿಕುರ್ಚಿ ಮೊದಲಾದ ಸಾಧನಗಳನ್ನು ಸಮಿತಿಯಿಂದ ಪಡೆದವರ ಸಂಖ್ಯೆ ಇಂದು ಇಪ್ಪತ್ತು ಲಕ್ಷವನ್ನು ಮೀರಿದೆ. ನೆಲಬಾಂಬುಗಳಿಗೆ ಸಿಲುಕಿದ ಅಫ್ಘಾನಿಸ್ತಾನದ ಜನರಿಗೂ ಈ ಕಾಲು ಆಸರೆಯಾಯಿತು.

ವಿಚಾರ ಮಾಡಿದರೆ, ಶಾಸ್ತ್ರೋಕ್ತವಾದ ಚತುರ್ವಿಧ ದಾನಗಳೂ ಇಲ್ಲಿ ಒಂದುಗೂಡಿರುವುದು ಕಾಣುತ್ತದೆ. ಜೋಡಿಸಿದ ಕಾಲು ಔಷಧದಾನ. ಬಂಧುವಿಗೂ ಬಡಿಸಿದ ಅನ್ನ ಆಹಾರದಾನ. ಬರಿಗೈಯಲ್ಲಿ ಹಿಂದಿರುಗಬೇಕಾದೀತೆಂಬ ಅಂಜಿಕೆಯನ್ನು ಕಳೆದದ್ದು ಅಭಯದಾನ. ಪಾದವನ್ನು ಕಂಡುಹಿಡಿದವರು ಅದಕ್ಕೆ ಪೇಟೆಂಟು ಪಡೆಯದೆ, ಕಲಿಯಬಯಸಿದವರಿಗೆಲ್ಲ ಆ ವಿದ್ಯೆಯನ್ನು ತೆರೆದಿಟ್ಟದ್ದು ಜ್ಞಾನದಾನ. ಏಳು ವರ್ಷಗಳ ಕಾಲ ಔಷಧವೊಂದೇ ಇದ್ದಿತು. ಅದು ಕೆಲವರನ್ನಷ್ಟೇ ಮುಟ್ಟಿತು. ಉಳಿದವು ಕೂಡಿಕೊಂಡಾಗ ಅದು ಲಕ್ಷಾಂತರ ಜನರನ್ನು ಮುಟ್ಟಿತು. ಒಂದು ದಾನವು ಇನ್ನೊಂದರ ನೆರವಿಲ್ಲದೆ ಪೂರ್ಣವಾಗದೆಂಬುದೇ ಈ ಇತಿಹಾಸದ ಪಾಠ.

ಕಾಲು ಜೋಡಿಸಿದೊಡನೆ ಎಲ್ಲವೂ ಮುಗಿಯಿತೆಂದು ಭಾವಿಸುವುದೂ ಸರಿಯಲ್ಲ. 1981ರಲ್ಲಿ ಬಸ್ ಅಪಘಾತಕ್ಕೊಳಗಾಗಿ ಕಾಲನ್ನು ಕಳೆದುಕೊಂಡ ಭರತನಾಟ್ಯ ಕಲಾವಿದೆ ಸುಧಾ ಚಂದ್ರನ್ ಅವರು ಜೈಪುರದ ಕಾಲನ್ನು ಧರಿಸಿ ಮತ್ತೆ ವೇದಿಕೆಯೇರಿದ್ದು 1984ರಲ್ಲಿ. ನಡುವಿನ ಆ ವರ್ಷಗಳ ನೋವು ಮತ್ತು ಅಭ್ಯಾಸ ಪ್ರೇಕ್ಷಕರಿಗೆ ಕಾಣುವಂಥದಲ್ಲ. ಕತ್ತರಿಸಿದ ಭಾಗವು ಕಾಲಕ್ರಮದಲ್ಲಿ ಸೊರಗುತ್ತದೆ, ಆಗ ಜೋಡಿಸಿದ ಕಾಲು ಸಡಿಲವಾಗಿ ಉಜ್ಜಿ ಹುಣ್ಣಾಗುತ್ತದೆ. ಪಾದವು ಸವೆದು ಬದಲಿಸಬೇಕಾಗುತ್ತದೆ. ಹೀಗಿರುವಾಗ ಶಿಬಿರವೊಂದನ್ನು ನಡೆಸಿ, ದಾನಿಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಬರೆಸಿ, ಕಾಲು ಪಡೆದವರನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ ಭಾವಚಿತ್ರ ತೆಗೆಸಿಕೊಂಡರೆ ದಯಾದತ್ತಿಯು ಪೂರ್ಣವಾಗದು. ಉದ್ದಾಯನನು ಮುನಿಯ ಮೈಯನ್ನು ತೊಳೆಯುವಾಗ ತನ್ನ ಹಿರಿಮೆಯನ್ನು ನೆನೆಯಲಿಲ್ಲ. ತನ್ನ ದೋಷವನ್ನೇ ಹುಡುಕಿಕೊಂಡನು.

ಪ್ರತಿಯೊಂದು ಊರಿನ ಸಮಾಜವೂ ಕೃತಕ ಕಾಲಿನ ಕೇಂದ್ರವನ್ನು ತೆರೆಯಲಾರದು. ಆದರೆ ಆಸ್ಪತ್ರೆಯಿಂದ ಮನೆಗೆ ಬಂದ ಗಾಯಾಳುವನ್ನು ತಿಂಗಳಿಗೊಮ್ಮೆ ಕೇಂದ್ರಕ್ಕೆ ಕರೆದೊಯ್ಯುವುದು, ಅವನ ಆರೈಕೆಯಲ್ಲಿ ದಣಿದ ಮನೆಯವರಿಗೆ ಒಂದು ದಿನದ ಬಿಡುವು ದೊರಕಿಸುವುದು, ಅವನು ಕುಳಿತು ಮಾಡಬಹುದಾದ ಕೆಲಸವನ್ನು ಒದಗಿಸುವುದು, ಬಸದಿಯ ಮೆಟ್ಟಿಲುಗಳ ಪಕ್ಕದಲ್ಲಿ ಹಿಡಿಗಂಬಿಯೊಂದನ್ನು ಹಾಕಿಸುವುದು ಯಾರಿಗೂ ಅಸಾಧ್ಯವಲ್ಲ. ದಣಿದ ಪಾದವನ್ನು ಒತ್ತುವುದು ವೈಯಾವೃತ್ತ್ಯವೆಂದು ಆಚಾರ್ಯರು ಹೇಳಿದರು. ಪಾದವನ್ನೇ ಕಳೆದುಕೊಂಡವನು ಮತ್ತೆ ತನ್ನ ಹೊಲಕ್ಕೂ ದೇವರ ಸನ್ನಿಧಿಗೂ ನಡೆದುಹೋಗುವವರೆಗೆ ಅವನ ಜೊತೆಯಲ್ಲಿರುವುದು ಆ ಉಪದೇಶದ ಆಶಯಕ್ಕೆ ಹೊರತಾದುದಲ್ಲ.