ಅಭ್ಯಾಸ ಆಗುತ್ತೆ ಬಿಡು...

ಮೊನ್ನೆ ಭಾನುವಾರ ಅಮ್ಮನ ಜೊತೆ ಫೋನಿನಲ್ಲಿ ಮಾತಾಡ್ತಾ ಇದ್ದೆ. ನಡುವೆ ಅಮ್ಮ, "ಯಾಕೋ, ಲೈನ್ ಕಟ್ ಆಯ್ತಾ?" ಅಂದರು.

"ಇಲ್ಲಮ್ಮ, ಇಲ್ಲೇ ಇದೀನಿ."

"ಮತ್ತೆ ಮಾತಾಡ್ತಾ ಮಾತಾಡ್ತಾ ಸುಮ್ಮನಾಗ್ತೀಯ. ಏನೋ ಗಡಗಡ ಅನ್ನುತ್ತೆ. ಅದು ನಿಂತ ಮೇಲೆ ಬಿಟ್ಟಲ್ಲಿಂದ ಶುರು ಮಾಡ್ತೀಯ!"

ಪಕ್ಕದಲ್ಲಿದ್ದ ನನ್ನವಳು ಜೋರಾಗಿ ನಕ್ಕು, "ಅತ್ತೆ, ಇವರು ಈಗ ರೈಲಿನ ಟೈಮ್‌ಟೇಬಲ್ ಪ್ರಕಾರ ಮಾತಾಡೋದು" ಅಂದಳು.

ನಿಜ ಹೇಳ್ತೀನಿ, ನಾನು ಹಾಗೆ ಮಾಡ್ತೀನಿ ಅಂತ ನನಗೇ ಗೊತ್ತಿರಲಿಲ್ಲ.

ನಾವಿರೋದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ, ವುಡ್‌ಸೈಡ್ ಅನ್ನೋ ಕಡೆ. ಮನೆಯಿಂದ ಎರಡು ಕಟ್ಟಡ ದಾಟಿದರೆ ರೂಸ್‌ವೆಲ್ಟ್ ಅವೆನ್ಯೂ. ಆ ರಸ್ತೆಯ ತಲೆಯ ಮೇಲೆ, ಕಬ್ಬಿಣದ ಕಂಬಗಳ ಮೇಲೆ, 1917ರಿಂದ ಓಡ್ತಾ ಇರೋದು 7ನೇ ನಂಬರ್ ರೈಲು. ಹಗಲು ರಾತ್ರಿ ಅಂತ ಭೇದ ಇಲ್ಲ. ಬಂದ ಹೊಸದರಲ್ಲಿ ನಿದ್ದೆಯೇ ಬರ್ತಾ ಇರಲಿಲ್ಲ. ಆಗಿನ ರೂಮ್‌ಮೇಟ್ ಹೇಳಿದ್ದು ಒಂದೇ ಮಾತು - "ಅಭ್ಯಾಸ ಆಗುತ್ತೆ ಬಿಡು." ಆಯ್ತು ಕೂಡ. ಮದುವೆಯಾಗಿ ಇವಳು ಬಂದಾಗ ಅದೇ ಮಾತನ್ನು ನಾನು ಇವಳಿಗೆ ದಾಟಿಸಿದೆ. ಈಗ ಇನ್ನು ಎರಡು ತಿಂಗಳಿಗೆ ಮನೆಗೆ ಪಾಪು ಬರಲಿದೆ. ತೊಟ್ಟಿಲು ಎಲ್ಲಿಡೋದು ಅನ್ನೋ ಚರ್ಚೆ ಬಂದಾಗ ಬಾಯಿಗೆ ಬಂದಿದ್ದು ಮತ್ತೆ ಅದೇ ಮಾತು. ಇವಳು ಏನೂ ಹೇಳಲಿಲ್ಲ, ಸುಮ್ಮನೆ ನೋಡಿದಳು ಅಷ್ಟೇ.

ಆ ನೋಟ ತಡೆಯಲಾರದೆ ಈ ಊರಿನ ಸದ್ದಿನ ಚರಿತ್ರೆ ಓದಲು ಕೂತೆ. ಸಿಕ್ಕಿದ ಕಥೆ ಚೆನ್ನಾಗಿದೆ.

ನ್ಯೂಯಾರ್ಕಿನಲ್ಲಿ ರಸ್ತೆಯ ಮೇಲೆ ಕಂಬ ನೆಟ್ಟು ರೈಲು ಓಡಿಸುವ ಪ್ರಯೋಗ ಶುರುವಾಗಿದ್ದು 1868ರಲ್ಲಿ, ಗ್ರೀನಿಚ್ ಸ್ಟ್ರೀಟಿನಲ್ಲಿ. 1878ರ ಹೊತ್ತಿಗೆ ಥರ್ಡ್ ಅವೆನ್ಯೂ ಮೇಲೂ ಉಗಿಬಂಡಿ ಓಡತೊಡಗಿತು. ಜನ ಇದನ್ನು ಪ್ರೀತಿಯಿಂದಲೋ ಸಿಟ್ಟಿನಿಂದಲೋ "ಎಲ್" ಅಂತ ಕರೆದರು. ಎರಡನೇ ಮಹಡಿಯ ಕಿಟಕಿಯ ಪಕ್ಕದಲ್ಲೇ ಎಂಜಿನ್ನು! ಕೆಳಗೆ ನಡೆಯುವವರ ಮೇಲೆ ಕೆಂಡದ ಚೂರು, ಎಣ್ಣೆ. ರಸ್ತೆ ಬದಿಯ ಆಸ್ತಿಯವರೊಬ್ಬರು ಕೋರ್ಟಿಗೆ ಹೋದರು. 1882ರ ಸ್ಟೋರಿ ಕೇಸಿನಲ್ಲಿ ರಾಜ್ಯದ ಮೇಲಿನ ಕೋರ್ಟು, ಬೆಳಕು, ಗಾಳಿ, ಮನೆಗೆ ಹೋಗಿಬರುವ ದಾರಿ - ಇವು ರಸ್ತೆ ಬದಿಯ ಮಾಲೀಕನ ಹಕ್ಕು, ಕಿತ್ತುಕೊಂಡರೆ ಪರಿಹಾರ ಕೊಡಬೇಕು ಅಂದಿತು. ಆ ಪಟ್ಟಿಯಲ್ಲಿ ಸದ್ದು ಇರಲಿಲ್ಲ ಅನ್ನೋದನ್ನು ಗಮನಿಸಿ.

ಸದ್ದಿನ ವಿರುದ್ಧ ಮೊದಲು ಗಟ್ಟಿಯಾಗಿ ನಿಂತವರು ಜೂಲಿಯಾ ಬಾರ್ನೆಟ್ ರೈಸ್ ಅನ್ನೋ ಹೆಂಗಸು. ವೈದ್ಯಕೀಯ ಓದಿದವರು, ಶ್ರೀಮಂತರ ಮನೆಯವರು. ಹಡ್ಸನ್ ನದಿಯ ದಂಡೆಯ ರಿವರ್‌ಸೈಡ್ ಡ್ರೈವ್‌ನಲ್ಲಿ ದೊಡ್ಡ ಬಂಗಲೆ. ನದಿಯಲ್ಲಿ ಟಗ್‌ಬೋಟುಗಳು - ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ ಪುಟ್ಟ ಬೋಟುಗಳು - ರಾತ್ರಿಯಿಡೀ ಸಿಳ್ಳೆ ಹಾಕುತ್ತಿದ್ದವು. ಅದರಲ್ಲಿ ಎಷ್ಟೋ ಸಿಳ್ಳೆ ಅಪಾಯದ ಎಚ್ಚರಿಕೆಯಲ್ಲ, ದಡದಲ್ಲಿರುವ ಗೆಳೆಯರಿಗೆ "ಏನ್ ಸಮಾಚಾರ" ಅಂತ ಕೇಳುವ ಸಿಳ್ಳೆ. ದೂರು ಕೊಟ್ಟರೆ ಯಾರು ಕೇಳ್ತಾರೆ? ಆಗ ರೈಸ್ ಅವರು 1905ರಲ್ಲಿ ಮಾಡಿದ ಕೆಲಸ ಒಬ್ಬ ಎಂಜಿನಿಯರ್ ಆಗಿ ನನಗೆ ಬಹಳ ಹಿಡಿಸಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು ರಾತ್ರಿಯಿಡೀ ಕೂರಿಸಿ ಸಿಳ್ಳೆ ಎಣಿಸಿದರು! ಒಂದೇ ರಾತ್ರಿಗೆ ಹತ್ತಿರ ಹತ್ತಿರ 3000 ಸಿಳ್ಳೆ ಸಿಕ್ಕವು.

"ತುಂಬಾ ಗಲಾಟೆ" ಅಂದರೆ ಅದು ಗೊಣಗಾಟ. "3000" ಅಂದರೆ ಉತ್ತರ ಕೊಡಬೇಕಾದ ಪ್ರಶ್ನೆ. ಅವರು ನದಿ ದಂಡೆಯ ಆಸ್ಪತ್ರೆಗಳ ರೋಗಿಗಳ ಕಷ್ಟವನ್ನೂ ಮುಂದಿಟ್ಟರು. 1906ರ ಕೊನೆಯಲ್ಲಿ ಅನಗತ್ಯ ಸದ್ದು ಅಡಗಿಸುವ ಸಂಘವನ್ನೇ ಕಟ್ಟಿದರು. 1907ರಲ್ಲಿ ಅಮೆರಿಕದ ಸಂಸತ್ತು ಬೇಡದ ಸಿಳ್ಳೆಗೆ ಕಡಿವಾಣ ಹಾಕುವ ಕಾನೂನು ಮಾಡಿತು. ಆಸ್ಪತ್ರೆಗಳ ಸುತ್ತ ನಿಶ್ಶಬ್ದ ವಲಯಗಳೂ ಬಂದವು. ಮುಂದೆ ರೈಸ್ ಕುಟುಂಬ ಬಂಗಲೆ ಮಾರಿ, ದಪ್ಪ ಗೋಡೆಗಳಿಗೆ ಹೆಸರಾದ ಅನ್ಸೋನಿಯಾ ಹೋಟೆಲಿಗೆ ಹೋಗಿ ನೆಲೆಸಿತು. ದುಡ್ಡಿದ್ದವರು ಹೋಗಬಹುದು... ಆದರೆ ಸಂಘದ ಹೆಸರಿನಲ್ಲಿರುವ "ಅನಗತ್ಯ" ಅನ್ನೋ ಪದ ನೋಡಿ. ಸಿಳ್ಳೆ ಅನಗತ್ಯ, ಸರಿ. ರೈಲು? ಅದು ಊರಿಗೆ ಬೇಕೇ ಬೇಕು. ಅದರ ಕೆಳಗಿರುವ ಬಡವರಿಗೆ ಉಳಿದಿದ್ದು ಅಭ್ಯಾಸ ಮಾಡಿಕೊಳ್ಳುವುದೊಂದೇ.

ಎರಡನೇ ಸುತ್ತಿನ ಎಣಿಕೆ 1929ರಲ್ಲಿ. ನಗರದ ಆರೋಗ್ಯ ಕಮಿಷನರ್ ಶರ್ಲಿ ವಿನ್ ಸದ್ದಿನ ಬಗ್ಗೆ ಒಂದು ಆಯೋಗ ನೇಮಿಸಿದರು. ಡೆಸಿಬಲ್ ಅನ್ನೋ ಅಳತೆಗೆ ಆ ಹೆಸರು ಬಂದು ಒಂದೆರಡು ವರ್ಷವೂ ಆಗಿರಲಿಲ್ಲ. ಟ್ರಕ್ಕಿನಲ್ಲಿ ಉಪಕರಣ ತುಂಬಿಕೊಂಡು ಊರೆಲ್ಲ ಸುತ್ತಿ ಸದ್ದು ಅಳೆದರು. ಪತ್ರಿಕೆಗಳಲ್ಲಿ ಪ್ರಶ್ನಾವಳಿ ಹಾಕಿದರೆ 11,000ಕ್ಕೂ ಹೆಚ್ಚು ಉತ್ತರ ಬಂತು. ಟ್ರಕ್ಕು, ಕಾರಿನ ಹಾರ್ನು, ರೇಡಿಯೋ, ಎಲ್ ರೈಲು ಎಲ್ಲವೂ ಮೇಲಿನ ಸಾಲಿನಲ್ಲಿದ್ದವು. ಕೆಲವು ಕಡೆ ಬಂಗಾಳದ ಹುಲಿ ನಿಂತು ಗರ್ಜಿಸಿದರೂ ದಾರಿಹೋಕರಿಗೆ ಕೇಳಿಸಲಿಕ್ಕಿಲ್ಲ ಅಂತ ಆಯೋಗದವರು ಬರೆದರು. ನಮ್ಮ ಹುಲಿಗೆ ಎಲ್ಲೆಲ್ಲಿ ಕೆಲಸ ನೋಡಿ :)

ಥರ್ಡ್ ಅವೆನ್ಯೂ ಎಲ್ ಮ್ಯಾನ್‌ಹಟನ್ನಿನಲ್ಲಿ ಓಡುವುದು ನಿಂತಿದ್ದು 1955ರ ಮೇ 12ರಂದು. ಆಮೇಲಿನ ಒಂದು ಪ್ರಸಂಗವನ್ನು ಕಾರ್ಲ್ ಪ್ರಿಬ್ರಾಮ್ ಅನ್ನೋ ನರವಿಜ್ಞಾನಿ ಹೇಳುತ್ತಿದ್ದರು. ರೈಲು ನಿಂತ ಮೇಲೆ ಆ ಸುತ್ತಿನ ಜನ ರಾತ್ರಿ ಎದ್ದು ಪೊಲೀಸರಿಗೆ ಫೋನ್ ಮಾಡತೊಡಗಿದರಂತೆ - ಏನೋ ವಿಚಿತ್ರವಾಗಿದೆ, ಕಳ್ಳರಿರಬೇಕು ಅಂತ. ಫೋನ್ ಬರುತ್ತಿದ್ದ ಹೊತ್ತು ಯಾವುದು ಅಂತ ನೋಡಿದರೆ, ಹಿಂದೆ ರೈಲು ಹೋಗುತ್ತಿದ್ದ ಹೊತ್ತು!

ಇದನ್ನು ಓದಿದಾಗ ನನಗೆ ಅಮ್ಮನ ಮಾತು ನೆನಪಾಯಿತು. ನನಗೆ ಕೇಳಿಸದ ರೈಲಿಗೆ ನನ್ನ ಬಾಯಿ ತಾನಾಗಿ ನಿಲ್ಲುತ್ತಿತ್ತಲ್ಲ! ಸೋವಿಯತ್ ವಿಜ್ಞಾನಿ ಎವ್ಗೆನಿ ಸೊಕೊಲೊವ್ ಇದಕ್ಕೆ ವಿವರಣೆ ಕೊಟ್ಟಿದ್ದರು. ಒಂದೇ ಸದ್ದು ಮತ್ತೆ ಮತ್ತೆ ಬಂದರೆ ಮೆದುಳು ಅದರ ಒಂದು ಮಾದರಿ ಮಾಡಿಟ್ಟುಕೊಳ್ಳುತ್ತದೆ. ಬಂದದ್ದು ಮಾದರಿಗೆ ಹೊಂದಿದರೆ ಎಚ್ಚರಿಕೆ ಇಲ್ಲ, ಹೊಂದದಿದ್ದರೆ ಎಚ್ಚರಿಕೆ. ಹೋಲಿಸಿ ನೋಡಬೇಕಾದರೆ ಪ್ರತಿ ಸಲವೂ ಕೇಳಿಸಿಕೊಳ್ಳಲೇಬೇಕು. ನಮ್ಮ ಆಫೀಸಿನ ಭಾಷೆಯಲ್ಲಿ ಹೇಳಬೇಕೆಂದರೆ, ಅಲರ್ಟ್ ಮ್ಯೂಟ್ ಮಾಡಿದ್ದೇವೆ, ಸರ್ವರ್ ಮೇಲಿನ ಲೋಡ್ ಇಳಿದಿಲ್ಲ. ನಿದ್ದೆಯ ಮೇಲಿನ ಸಂಶೋಧನೆಗಳೂ ಇದನ್ನೇ ಹೇಳುತ್ತವೆ. ಸದ್ದಿನ ಪಕ್ಕ ಇದ್ದವರು ದಿನ ಕಳೆದಂತೆ ಎಚ್ಚರಗೊಳ್ಳುವುದು ಕಡಿಮೆಯಾಗುತ್ತೆ. ಆದರೆ ಸದ್ದಾದಾಗ ಎದೆಬಡಿತ ಏರುವುದು ಹಾಗೇ ಉಳಿಯುತ್ತೆ.

ಇನ್ನು ಕೊನೆಯ ಕಥೆ. ನನ್ನನ್ನು ನಿಜವಾಗಿ ಅಲ್ಲಾಡಿಸಿದ್ದು ಇದು. ಮ್ಯಾನ್‌ಹಟನ್ನಿನ ಉತ್ತರ ತುದಿಯ ಇನ್‌ವುಡ್‌ನಲ್ಲಿ ಪಿ.ಎಸ್. 98 ಅನ್ನೋ ಸರ್ಕಾರಿ ಶಾಲೆ. ಅದರಿಂದ ಸುಮಾರು 220 ಅಡಿ ದೂರದಲ್ಲಿ ಎಲ್ ರೈಲು, ಪಾಠದ ಹೊತ್ತಿನಲ್ಲಿ ನಾಲ್ಕೂವರೆ ನಿಮಿಷಕ್ಕೊಂದು. ಹಳಿಯ ಕಡೆಯ ಕ್ಲಾಸುಗಳಲ್ಲಿ ರೈಲು ಹೋಗುವಾಗ 89 ಡೆಸಿಬಲ್. ಟೀಚರುಗಳು ಪಾಠ ನಿಲ್ಲಿಸಿ, ರೈಲು ಹೋದ ಮೇಲೆ ಬಿಟ್ಟಲ್ಲಿಂದ ಶುರು ಮಾಡುತ್ತಿದ್ದರು - ಥೇಟ್ ನನ್ನ ಹಾಗೆ. ಆರ್ಲೀನ್ ಬ್ರಾನ್ಜಾಫ್ಟ್ ಅನ್ನೋ ಮನಶ್ಶಾಸ್ತ್ರದ ಅಧ್ಯಾಪಕಿಗೆ ಈ ವಿಷಯ ತಿಳಿದದ್ದು, ಅದೇ ಶಾಲೆಯಲ್ಲಿ ಮಗುವಿದ್ದ ಅವರ ವಿದ್ಯಾರ್ಥಿನಿಯಿಂದ. ಒಂದೇ ಕಟ್ಟಡ, ಒಂದೇ ಪಾಠ, ಹಳಿಯ ಕಡೆ ಕೆಲವು ಕ್ಲಾಸು, ಹಿಂಬದಿ ಕೆಲವು ಕ್ಲಾಸು. ಅವರು ಎರಡೂ ಕಡೆಯ ಮಕ್ಕಳ ಓದುವ ಪರೀಕ್ಷೆಯ ಅಂಕಗಳನ್ನು ಹೋಲಿಸಿದರು. 1975ರಲ್ಲಿ ಬಂದ ಆ ವರದಿಯ ಪ್ರಕಾರ ಆರನೇ ಕ್ಲಾಸಿನ ಹೊತ್ತಿಗೆ ಹಳಿ ಕಡೆಯ ಮಕ್ಕಳು ಸುಮಾರು ಒಂದು ವರ್ಷ ಹಿಂದೆ ಬಿದ್ದಿದ್ದರು.

ಆ ಮಕ್ಕಳಿಗೂ ಅಭ್ಯಾಸ ಆಗಿತ್ತು. ಟೀಚರುಗಳಿಗೂ ಆಗಿತ್ತು. ಎಲ್ಲರಿಗೂ ಅಭ್ಯಾಸ ಆಗಿದ್ದರಿಂದಲೇ ಅಷ್ಟು ವರ್ಷ ಯಾರೂ ಏನೂ ಮಾಡಿರಲಿಲ್ಲ!

ಆಮೇಲೆ ಮಾಡಿದ್ದು ದೊಡ್ಡ ಸಾಹಸವೂ ಅಲ್ಲ. ರೈಲಿನವರು ಹಳಿಯ ಕೆಳಗೆ ರಬ್ಬರ್ ಪ್ಯಾಡ್ ಹಾಕಿದರು, ಶಾಲೆಯವರು ಗದ್ದಲದ ಕ್ಲಾಸುಗಳಿಗೆ ಸದ್ದು ಹೀರುವ ಚಾವಣಿ ಹಾಕಿಸಿದರು. 1981ರಲ್ಲಿ ಮತ್ತೆ ಪರೀಕ್ಷಿಸಿದಾಗ ಎರಡೂ ಕಡೆಯ ಮಕ್ಕಳು ಸಮಸಮ.

ಪುಸ್ತಕ ಮುಚ್ಚಿದ ರಾತ್ರಿ ನಾನೂ ಒಂದು ನೋಟ್‌ಬುಕ್ ಹಿಡಿದು ಕಿಟಕಿಯ ಹತ್ತಿರ ಕೂತೆ. ಹತ್ತರಿಂದ ಹನ್ನೊಂದು ಗಂಟೆಯ ತನಕ ಎಷ್ಟು ರೈಲು ಹೋಗಬಹುದು ಅಂತ ಮೊದಲೇ ಅಂದಾಜು ಬರೆದಿಟ್ಟೆ: ಆರು. ಎಣಿಸಿದಾಗ ಸಿಕ್ಕಿದ್ದು ಹದಿನೇಳು. ಅಂದರೆ ಹನ್ನೊಂದು ರೈಲು ನನ್ನ ಲೆಕ್ಕಕ್ಕೇ ಸಿಗದೆ ನನ್ನೊಳಗೆ ಓಡುತ್ತಿದ್ದವು.

ಅರಸೀಕೆರೆ ಸ್ಟೇಷನ್ ಹತ್ತಿರದ ಅಜ್ಜಿ ಮನೆಯಲ್ಲಿ ರಜೆಯೆಲ್ಲ ಮಲಗಿ ಬೆಳೆದವನು ನಾನು, ನನಗೇನೂ ಆಗಿಲ್ಲವಲ್ಲ ಅಂತ ವಾದ ಮಾಡಬಹುದಿತ್ತು. ಮಾಡಲಿಲ್ಲ. ಮರುದಿನ ಬೆಳಿಗ್ಗೆ ನನ್ನ ಕಂಪ್ಯೂಟರ್ ಮೇಜನ್ನು ಹಿಂದಿನ ರೂಮಿನಿಂದ ಎತ್ತಿ ರಸ್ತೆ ಕಡೆಯ ರೂಮಿಗೆ ತಂದೆ. ಇವಳು ಬಾಗಿಲಲ್ಲಿ ನಿಂತು, "ಯಾಕೆ, ಇಲ್ಲಿ ಗಲಾಟೆ ಅಲ್ವಾ?" ಅಂದಳು.

"ನನಗೆ ಅಭ್ಯಾಸ ಆಗಿದೆ. ತೊಟ್ಟಿಲು ಹಿಂದಿನ ರೂಮಿಗೆ" ಅಂದೆ.

ಅಷ್ಟರಲ್ಲಿ ರೈಲು ಬಂತು. ಇಬ್ಬರೂ ಅದು ಹೋಗುವ ತನಕ ಸುಮ್ಮನೆ ನಿಂತಿದ್ದೆವು. ಈ ಸಲ ನನಗೂ ಕೇಳಿಸಿತು.