ಆವಾಸದ ಸಂಕೀರ್ಣತೆಯ ಅಳತೆ: ಒಂದು ಚಾರಿತ್ರಿಕ ವಿವೇಚನೆ

ಬಯಲಿಗಿಂತ ಕಾಡಿನಲ್ಲಿ ಹಕ್ಕಿಗಳ ಬಗೆಗಳು ಹೆಚ್ಚು, ಮರಳು ಹಾಸಿನ ಕಡಲತಳಕ್ಕಿಂತ ಹವಳದ ದಿಬ್ಬದಲ್ಲಿ ಮೀನುಗಳ ಬಗೆಗಳು ಹೆಚ್ಚು ಎಂಬುದನ್ನು ಅರಿಯಲು ವಿಜ್ಞಾನದ ನೆರವು ಬೇಕಿಲ್ಲ. ಬೇಡರಿಗೂ ಬೆಸ್ತರಿಗೂ ಇದು ತಿಳಿದೇ ಇತ್ತು. ಆದರೆ ಈ 'ಹೆಚ್ಚು' ಎಂಬ ಮಾತನ್ನು ಸಂಖ್ಯೆಯಲ್ಲಿ ಹೇಳಹೊರಟಾಗ, ಆವಾಸದಲ್ಲಿ ಯಾವುದನ್ನು ಅಳೆಯಬೇಕು, ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಎಂಬ ಪ್ರಶ್ನೆಗಳು ಎದುರಾಗುತ್ತವೆ. ಅಳೆಯುವವನು ಮಾಡಿಕೊಂಡ ಆಯ್ಕೆಯೇ ಅನೇಕ ವೇಳೆ ಉತ್ತರವನ್ನು ರೂಪಿಸಿದೆ ಎಂಬುದನ್ನು ಕಳೆದ ಆರು ದಶಕಗಳ ಸಂಶೋಧನೆಗಳ ಹಿನ್ನೆಲೆಯಲ್ಲಿ ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

ಈ ಚರಿತ್ರೆಯ ಆರಂಭದಲ್ಲಿ ನಿಲ್ಲುವವರು ಅಮೆರಿಕದ ರಾಬರ್ಟ್ ಮ್ಯಾಕ್‌ಆರ್ಥರ್ (1930–1972). ಗಣಿತದಲ್ಲಿ ಪಳಗಿದ್ದ ಅವರು ಈಶಾನ್ಯ ಅಮೆರಿಕದ ಸ್ಪ್ರೂಸ್ ಕಾಡುಗಳಲ್ಲಿ ಐದು ಜಾತಿಯ ವಾರ್ಬ್ಲರ್ ಹಕ್ಕಿಗಳನ್ನು ಗಮನಿಸಿ 1958ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಒಂದೊಂದು ಮರವನ್ನೂ 16 ವಲಯಗಳಾಗಿ ವಿಂಗಡಿಸಿ, ಯಾವ ಹಕ್ಕಿ ಯಾವ ವಲಯದಲ್ಲಿ ಎಷ್ಟು ಹೊತ್ತು ಕಳೆಯುತ್ತದೆ ಎಂಬುದನ್ನು ಗುರುತಿಸಿದ್ದು ಇದರ ವಿಶೇಷ. ಒಂದೇ ಮರ ಐದು ಬಗೆಯ ಹಕ್ಕಿಗಳಿಗೆ ಐದು ಮನೆಗಳಂತೆ ಒದಗುತ್ತದೆಂದು ಅದರಿಂದ ಸ್ಪಷ್ಟವಾಯಿತು.

ಮೂರು ವರ್ಷಗಳ ಅನಂತರ, 1961ರಲ್ಲಿ, ಅವರು ಭೌತವಿಜ್ಞಾನಿಯಾಗಿದ್ದ ತಮ್ಮ ಸೋದರ ಜಾನ್ ಅವರೊಡನೆ ಐದೇ ಪುಟಗಳ ಇನ್ನೊಂದು ಲೇಖನವನ್ನು ಪ್ರಕಟಿಸಿದರು. ಅಲ್ಲಿ ಬಳಸಿದ ಸಲಕರಣೆ ಒಂದು ಬಿಳಿಯ ಹಲಗೆ, ಅಷ್ಟೆ. ಹಲಗೆಯ ಅರ್ಧಭಾಗ ಎಲೆಗಳ ಮರೆಗೆ ಬರುವವರೆಗೆ ದೂರವನ್ನು ಹೆಚ್ಚಿಸುತ್ತ ಹೋಗುವುದು, ಆ ದೂರದಿಂದ 0.693ನ್ನು ಭಾಗಿಸಿ ಆ ಎತ್ತರದಲ್ಲಿನ ಎಲೆಗಳ ಸಾಂದ್ರತೆಯನ್ನು ಪಡೆಯುವುದು. ಎಲೆಗಳು ವಿರಳವಾಗಿದ್ದರೆ ದೂರ ಹೆಚ್ಚು, ದಟ್ಟವಾಗಿದ್ದರೆ ಕಡಿಮೆ. ಹೀಗೆ ದೊರೆತ ಅಳತೆಗಳನ್ನು ನೆಲದಿಂದ 2 ಅಡಿಯವರೆಗೆ, 2ರಿಂದ 25 ಅಡಿ, 25 ಅಡಿಗೆ ಮೇಲೆ ಎಂಬ ಮೂರು ಸ್ತರಗಳಲ್ಲಿ ಹಂಚಿ, ಕ್ಲಾಡ್ ಶಾನನ್ 1948ರಲ್ಲಿ ಸಂದೇಶವಹನದ ಸಿದ್ಧಾಂತಕ್ಕಾಗಿ ರೂಪಿಸಿದ್ದ ಸೂತ್ರಕ್ಕೆ ಅಳವಡಿಸಲಾಯಿತು. ಎಲೆಗಳೆಲ್ಲ ಒಂದೇ ಸ್ತರದಲ್ಲಿದ್ದರೆ ಫಲ ಸೊನ್ನೆ. ಮೂರರಲ್ಲೂ ಸಮನಾಗಿದ್ದರೆ ಸುಮಾರು 1.1. ಹಕ್ಕಿಗಳ ಎಣಿಕೆಯನ್ನೂ ಅದೇ ಸೂತ್ರಕ್ಕೆ ಒಳಪಡಿಸಿ ಎರಡನ್ನೂ ನಕ್ಷೆಯಲ್ಲಿ ಗುರುತಿಸಿದಾಗ ಬಿಂದುಗಳು ಹೆಚ್ಚುಕಡಿಮೆ ಒಂದು ಸರಳರೇಖೆಯಲ್ಲಿ ನಿಂತವು. ಪರ್ಣರಾಶಿಯ ಎತ್ತರದ ವೈವಿಧ್ಯ ತಿಳಿದ ಮೇಲೆ ಸಸ್ಯಪ್ರಭೇದಗಳ ವೈವಿಧ್ಯವನ್ನು ಸೇರಿಸಿದರೂ ಊಹೆಯ ನಿಖರತೆ ಹೆಚ್ಚುವುದಿಲ್ಲವೆಂಬುದು ಅವರ ತೀರ್ಮಾನವಾಗಿತ್ತು.

ಇಲ್ಲಿ ಒಂದು ಸಂಗತಿ ಗಮನಾರ್ಹ. ಆ ಮೂರು ಸ್ತರಗಳನ್ನು ಲೇಖಕರು ಮೊದಲೇ ನಿಗದಿಪಡಿಸಿರಲಿಲ್ಲ. ಬೇರೆಬೇರೆ ವಿಂಗಡಣೆಗಳನ್ನು ಪ್ರಯತ್ನಿಸಿ, ರೇಖೆಗೆ ಚೆನ್ನಾಗಿ ಹೊಂದುವುದನ್ನು ಆರಿಸಿಕೊಂಡರು. ಇದನ್ನು ಅವರು ಮುಚ್ಚಿಡಲಿಲ್ಲ. ಆದರೆ ಅವರನ್ನು ಉಲ್ಲೇಖಿಸಿದ ಬಹುಮಂದಿ ಇದನ್ನು ಮರೆತರೆಂದು ನನ್ನ ಅನಿಸಿಕೆ. ಅದೇ ಮ್ಯಾಕ್‌ಆರ್ಥರ್, ರೆಕರ್ ಮತ್ತು ಕೋಡಿ ಅವರೊಡನೆ 1966ರಲ್ಲಿ ಪೋರ್ಟೊ ರಿಕೋ ದ್ವೀಪವನ್ನೂ ಪನಾಮವನ್ನೂ ಪರಿಶೀಲಿಸಿದಾಗ, ದ್ವೀಪದ ಹಕ್ಕಿಗಳಿಗೆ ಎರಡು ಸ್ತರಗಳೂ ಪನಾಮದ ಹಕ್ಕಿಗಳಿಗೆ ನಾಲ್ಕೂ ಹೊಂದಿದವು. ಹಾಗಾದರೆ ಸ್ತರಗಳು ಕಾಡಿನಲ್ಲಿವೆಯೋ, ಹಕ್ಕಿಯ ಕಣ್ಣಿನಲ್ಲಿವೆಯೋ, ಸಂಶೋಧಕನ ಲೆಕ್ಕದಲ್ಲಿವೆಯೋ? 1974ರಲ್ಲಿ ಮೇರಿ ವಿಲ್ಸನ್ ಈ ಸೂಚ್ಯಂಕವನ್ನು ವಿಮರ್ಶೆಗೆ ಒಡ್ಡಿದರು. 1976ರಲ್ಲಿ ರೋಲಂಡ್ ರಾತ್ ಮೇಲುಕೀಳಿನ ರಚನೆಯಷ್ಟೇ ಸಾಲದು, ಗಿಡಗಳ ನಡುವಣ ಅಂತರದ ಏರುಪೇರನ್ನೂ, ಅಂದರೆ ಅಡ್ಡಹರವಿನ ವೈವಿಧ್ಯವನ್ನೂ ಅಳೆಯಬೇಕೆಂದು ತೋರಿಸಿದರು.

ಇದೇ ಕಾಲದಲ್ಲಿ ಕಡಲಿನಲ್ಲಿಯೂ ಇಂಥ ಪ್ರಯತ್ನ ನಡೆಯಿತು. ವರ್ಜಿನ್ ದ್ವೀಪಗಳ ಹವಳದ ದಿಬ್ಬದಲ್ಲಿ ಮೈಕೆಲ್ ರಿಸ್ಕ್ 1972ರಲ್ಲಿ ತಳದ ಉಬ್ಬುತಗ್ಗುಗಳಿಗೂ ಮೀನುಗಳ ವೈವಿಧ್ಯಕ್ಕೂ ಇರುವ ನಂಟನ್ನು ಕಂಡರು. ಮುಂದೆ ವ್ಯಾಪಕವಾಗಿ ಬಳಕೆಗೆ ಬಂದ ವಿಧಾನ ಬಹು ಸರಳ: ಸರಪಳಿಯನ್ನು ಉಬ್ಬುತಗ್ಗುಗಳಿಗೆ ಅಂಟಿದಂತೆ ಹಾಸಿ, ಅದರ ಪೂರ್ಣ ಉದ್ದವನ್ನು ಎರಡು ತುದಿಗಳ ನಡುವಣ ನೇರ ದೂರದಿಂದ ಭಾಗಿಸುವುದು. ಆದರೆ ಸರಪಳಿಯ ಕೊಂಡಿ ದೊಡ್ಡದಾದರೆ ಸಣ್ಣ ಬಿರುಕುಗಳು ತಪ್ಪಿಹೋಗುತ್ತವೆ. ಚಿಕ್ಕದಾದರೆ ಅದೇ ದಿಬ್ಬ ಇನ್ನಷ್ಟು ಒರಟಾಗಿ ಕಾಣುತ್ತದೆ. ಬ್ರಿಟನ್ನಿನ ಕರಾವಳಿಯ ಉದ್ದ ಅಳತೆಗೋಲನ್ನು ಅವಲಂಬಿಸಿದೆಯೆಂದು ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಹೇಳಿದ್ದು ಇದೇ ತೊಡಕನ್ನು.

ಈ ತೊಡಕನ್ನೇ ಸಾಧನವಾಗಿಸಿಕೊಂಡವರು ಮೋರ್ಸ್, ಲಾಟನ್ ಮತ್ತು ಸಂಗಡಿಗರು. ಗಿಡಗಳ ಅಂಚುಗಳ ಫ್ರ್ಯಾಕ್ಟಲ್ ಆಯಾಮವನ್ನು ಅಳೆದು, ಚಿಕ್ಕ ದೇಹದ ಕೀಟಕ್ಕೆ ಅದೇ ಗಿಡ ಹೆಚ್ಚು ವಿಸ್ತಾರವಾದ ನೆಲೆಯಾಗುತ್ತದೆ, ಆದಕಾರಣ ಗಿಡದ ಮೇಲೆ ದೊಡ್ಡವಕ್ಕಿಂತ ಸಣ್ಣ ಸಂಧಿಪದಿಗಳು ಬಹುಪಾಲು ಅಧಿಕವೆಂದು ಅವರು 1985ರಲ್ಲಿ ವಾದಿಸಿದರು. ಅಳತೆಗೋಲು ಜೀವಿಯ ಗಾತ್ರಕ್ಕೆ ತಕ್ಕುದಾಗಿರಬೇಕೆಂಬ ವಿಚಾರ ಇದರಿಂದ ಗಟ್ಟಿಗೊಂಡಿತು.

ಈ ಚರ್ಚೆ ನಮ್ಮ ನಾಡಿಗೂ ದೂರದ್ದಲ್ಲ. ಮರಗಳ ಜಾತಿಗೆ ಪ್ರಾಧಾನ್ಯವಿಲ್ಲ, ಎಲೆಗಳ ಹಂಚಿಕೆಯೇ ಸಾಕು ಎಂಬ 1961ರ ತೀರ್ಮಾನವನ್ನು ಅಕ್ಷರಶಃ ಒಪ್ಪಿದರೆ, ಸಹಜ ಕಾಡನ್ನು ಕಡಿದು ಒಂದೇ ಜಾತಿಯ ನೆಡುತೋಪು ಬೆಳೆಸಿದಾಗ ಆಗುವ ನಷ್ಟದ ಒಂದು ಭಾಗ ಲೆಕ್ಕಕ್ಕೇ ಬರುವುದಿಲ್ಲ. ತೇಗ, ನೀಲಗಿರಿಗಳ ತೋಪುಗಳು ಹಬ್ಬಿದ ಉತ್ತರ ಕನ್ನಡದಲ್ಲಿ ಹಕ್ಕಿಗಳ ಹಾಗೂ ಮರಗಿಡಗಳ ವೈವಿಧ್ಯದ ಸಂಬಂಧವನ್ನೇ ವಿಷಯವಾಗಿಸಿಕೊಂಡು ಡೇನಿಯಲ್ಸ್, ಜೋಶಿ ಹಾಗೂ ಮಾಧವ ಗಾಡ್ಗೀಳ್ 1992ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಈ ಕಾರಣದಿಂದಲೇ ಮಹತ್ವವಿದೆ.

2018ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳುಹಿಸಲಾದ 'ಜೆಡಿ' ಉಪಕರಣ ಲೇಸರ್ ಕಿರಣಗಳಿಂದ, ಸುಮಾರು 25 ಮೀಟರ್ ವ್ಯಾಸದ ಒಂದೊಂದು ತಾಣದಲ್ಲಿ ಎಲೆಗಳು ಯಾವ ಎತ್ತರದಲ್ಲಿ ಎಷ್ಟಿವೆ ಎಂಬುದನ್ನು ದಾಖಲಿಸಿದೆ. ಈ ದತ್ತಾಂಶದಿಂದ ಲೆಕ್ಕಹಾಕುವ ಸೂಚ್ಯಂಕಗಳಲ್ಲಿ ಒಂದು, ಬಿಳಿಯ ಹಲಗೆಯ ಕಾಲದ ಅದೇ ಪರ್ಣರಾಶಿಯ ಎತ್ತರದ ವೈವಿಧ್ಯ. ಕೆಳಗೆ ಲಂಟಾನ ಹಬ್ಬಿದ ಅಕೇಶಿಯಾ ತೋಪಿಗೂ ಹಲವು ಜಾತಿಯ ಮರಗಳಿರುವ ಸಹಜ ಕಾಡಿಗೂ ಆ ಸಂಖ್ಯೆ ಹತ್ತಿರಹತ್ತಿರ ಬರಬಹುದು. ಎರಡನ್ನೂ ಬೇರ್ಪಡಿಸಿ ಹೇಳಲು ಈಗಲೂ ಯಾರಾದರೂ ಅಲ್ಲಿಗೆ ನಡೆದುಹೋಗಿ ಮರಗಳನ್ನು ಹೆಸರು ಹಿಡಿದು ಎಣಿಸಬೇಕು.